ತಪ್ಪು ನಮ್ಮದಲ್ಲದ ಸಣ್ಣ ಅಪಘಾತ, ವಿಮಾ ಕಂಪನಿಗೆ ಹೇಳಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರದವರೆಗೆ ಕಾರು ಇಟ್ಟುಕೊಂಡವರು ಎದುರು ಸಿಕ್ಕಾಗ, ಫೋನಿನಲ್ಲಿ, ಪತ್ರದಲ್ಲಿ ಕೇಳಿದ ಪ್ರಶ್ನೆಗಳಿವು. ಆದಷ್ಟು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳು ಖಾಸಗಿ ಕಾರಿಗೆ ಮಾತ್ರ. ಟ್ಯಾಕ್ಸಿ, ಟೆಂಪೋ, ಲಾರಿಗಳ ಲೆಕ್ಕ ಸ್ವಲ್ಪ ಬೇರೆ. ಷರತ್ತು ಅಂತ ಹೇಳಿದಲ್ಲೆಲ್ಲ ಸಾಮಾನ್ಯ ಖಾಸಗಿ ಕಾರು ಪಾಲಿಸಿಯ ಷರತ್ತು ಎಂದು ತಿಳಿಯಿರಿ. ನಿಮ್ಮ ಪಾಲಿಸಿಯಲ್ಲಿ ಹೆಚ್ಚುವರಿ ಕವರ್ ಏನಾದರೂ ಇದ್ದರೆ ಆ ಹಾಳೆಯನ್ನೂ ಒಮ್ಮೆ ತೆಗೆದು ನೋಡಿ.

## ಶುರುವಿನ ಪ್ರಶ್ನೆಗಳು

ಗುದ್ದಿದ್ದು ಅವನು. ನಾನು ಎಂತಕ್ಕೆ ನನ್ನ ಕಂಪನಿಗೆ ಹೇಳಬೇಕು ಮಾರಾಯ್ರೆ?

ಯಾಕೆಂದರೆ ತಪ್ಪು ಅವನದ್ದು ಅನ್ನುವುದು ಇವತ್ತಿನ ಮಾತು. ನಾಳೆ ಅವನು ಏನು ಹೇಳುತ್ತಾನೋ ಗೊತ್ತಿಲ್ಲ.

ನಮ್ಮ ಕಡೆ ಹೆಚ್ಚಾಗಿ ಆಗುವುದು ಹೀಗೆ. ಸ್ಕೂಟರಿನವನು ಹಿಂದಿನಿಂದ ಬಂದು ತಾಗಿಸುತ್ತಾನೆ, ಬೀಳುತ್ತಾನೆ, ಎದ್ದು ಪ್ಯಾಂಟ್ ಕೊಡವಿಕೊಂಡು "ಎಂತದೂ ಆಗ್ಲಿಲ್ಲ, ಹೋಗಿ" ಎನ್ನುತ್ತಾನೆ. ನೀವೂ ಹೋಗುತ್ತೀರಿ. ರಾತ್ರಿ ಅವನ ಮೊಣಕಾಲು ಊದಿಕೊಳ್ಳುತ್ತದೆ. ಮರುದಿನ ಆಸ್ಪತ್ರೆ, ಅಲ್ಲಿ ಎಕ್ಸ್‌ರೇ, ಆಮೇಲೆ ಯಾರೋ ಸಂಬಂಧಿಕರ ಸಲಹೆ, ಕೊನೆಗೆ ಪೊಲೀಸ್ ಸ್ಟೇಷನ್. ಅಷ್ಟರಲ್ಲಿ ಕತೆ ಉಲ್ಟಾ ಆಗಿರುತ್ತದೆ: ಕಾರಿನವರೇ ಒಮ್ಮೆಲೇ ಬ್ರೇಕ್ ಹಾಕಿದ್ರು. ಆಗ ನಿಮ್ಮ ಪರವಾಗಿ ಮಾತಾಡಬೇಕಾದದ್ದು ನಿಮ್ಮ ಕಂಪನಿ. ಅದಕ್ಕೆ ಅಪಘಾತ ಆದದ್ದೇ ಗೊತ್ತಿಲ್ಲದಿದ್ದರೆ ನಿಮ್ಮ ಮಾತಿಗೆ ತೂಕ ಕಡಿಮೆ. ಅವತ್ತೇ ಕಳಿಸಿದ ನಾಲ್ಕು ಸಾಲಿನ ಮೇಲ್ ಇದ್ದರೆ ಮಾತೇ ಬೇರೆ.

ಇನ್ನೊಂದು ಕಾರಣ ಪಾಲಿಸಿಯಲ್ಲೇ ಇದೆ. ಅದರ ಮೊದಲ ಷರತ್ತೇ ಇದು: ಕ್ಲೈಮ್ ಬರುವಂಥ ಅಪಘಾತವಾದರೆ ತಕ್ಷಣ ಲಿಖಿತವಾಗಿ ತಿಳಿಸಬೇಕು. ಆ ಕ್ಲೈಮ್ ನೀವೇ ಹಾಕುವುದಾಗಿರಬಹುದು, ಎದುರಿನವರು ನಿಮ್ಮ ಮೇಲೆ ಹಾಕುವುದೂ ಆಗಿರಬಹುದು.

ಹೇಳಿದ್ರೆ ಬೋನಸ್ ಹೋಗ್ತದಲ್ವಾ? ಅದಕ್ಕೇ ಸುಮ್ನಿದ್ದೆ.

ಹೋಗುವುದಿಲ್ಲ. ನೋ ಕ್ಲೈಮ್ ಬೋನಸ್, ಅಂದರೆ ಎನ್‌ಸಿಬಿ, ಹೋಗುವುದು ನಿಮ್ಮ ಕಾರಿನ ರಿಪೇರಿಗೆ ಕ್ಲೈಮ್ ತೆಗೆದುಕೊಂಡಾಗ. ಹೀಗೊಂದು ಘಟನೆ ಆಯಿತು ಎಂದು ಬರೀ ತಿಳಿಸುವುದು ಕ್ಲೈಮ್ ಅಲ್ಲ.

ಆದರೆ ಇಲ್ಲೊಂದು ಕೊಕ್ಕೆ ಇದೆ. ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದರೆ ಆ ಕಡೆಯವರು ಅಭ್ಯಾಸಬಲದಿಂದ ಕ್ಲೈಮ್ ನಂಬರ್ ತೆರೆದುಬಿಡುತ್ತಾರೆ. ನೀವು ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ. ರಿನ್ಯೂವಲ್ ಹೊತ್ತಿಗೆ ಕ್ಲೈಮ್ ಬಾಕಿ ಎಂದು ಕಂಪ್ಯೂಟರ್ ತೋರಿಸುತ್ತದೆ, ಎನ್‌ಸಿಬಿ ನಿಲ್ಲುತ್ತದೆ. ಆದ್ದರಿಂದ ಮೊದಲ ಮಾತಿನಲ್ಲೇ ಹೇಳಿ: "ಇದು ಮಾಹಿತಿಗಾಗಿ ಮಾತ್ರ, ಸದ್ಯ ಕ್ಲೈಮ್ ಬೇಡ." ಆದರೂ ನಂಬರ್ ಬಂದರೆ, ಹಣ ಪಾವತಿಯಾಗುವ ಮೊದಲೇ ಕ್ಲೈಮ್ ವಾಪಸ್ ಪಡೆಯುತ್ತೇನೆ ಎಂದು ಬರೆದು ಕಳಿಸಿ. ಮುಚ್ಚಿದ್ದೇವೆ ಎಂಬ ಉತ್ತರ ಬರುವವರೆಗೆ ಬಿಡಬೇಡಿ.

ಎಷ್ಟು ದಿನದೊಳಗೆ ಹೇಳಬೇಕು? ನಮ್ಮದು ಭಾನುವಾರ ಆಗಿತ್ತು.

ಷರತ್ತಿನಲ್ಲಿ ಇರುವ ಪದ "ತಕ್ಷಣ". ಅದೇ ದಿನ, ಇಲ್ಲವೇ ಮರುದಿನ ಎಂದು ಇಟ್ಟುಕೊಳ್ಳಿ. ಮೇಲ್, ಆ್ಯಪ್, ಫೋನಿಗೆ ಭಾನುವಾರ ಇಲ್ಲ.

ನಮ್ಮ ಏಜೆಂಟ್ ಹತ್ರ ಹೇಳಿದ್ದೆ. ಅವ್ರು "ನಾ ನೋಡ್ಕಳ್ತೆ" ಅಂದ್ರು. ಸಾಕಾ?

ಸಾಲದು. ಏಜೆಂಟರು ನಂಬಿಗಸ್ತರೇ ಇರಬಹುದು, ಆದರೆ ಬಾಯಿಮಾತಿಗೆ ದಾಖಲೆ ಇಲ್ಲ. ಕಂಪನಿಯ ಅಧಿಕೃತ ಮೇಲ್ ವಿಳಾಸಕ್ಕೆ ನೀವೇ ಬರೆಯಿರಿ, ಏಜೆಂಟರಿಗೆ ಪ್ರತಿ ಕಳಿಸಿ. ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯಬೇಡಿ, ಕನ್ನಡದಲ್ಲೇ ಬರೆದರೂ ದಿನಾಂಕ, ಗಂಟೆ ಬಿದ್ದ ದಾಖಲೆ ದಾಖಲೆಯೇ. ಇಷ್ಟು ಸಾಕು:

"ಪಾಲಿಸಿ ನಂಬರ್ ಇಂಥದ್ದು, ಗಾಡಿ ನಂಬರ್ ಕೆಎ 47 ಇಂಥದ್ದು. ಇವತ್ತು ಸಂಜೆ 6.20ರ ಸುಮಾರಿಗೆ ಹೊನ್ನಾವರ ಶರಾವತಿ ಸರ್ಕಲ್ ಹತ್ತಿರ ನನ್ನ ಕಾರು ನಿಂತಿದ್ದಾಗ ಹಿಂದಿನಿಂದ ಬಂದ ಸ್ಕೂಟರ್, ನಂಬರ್ ಇಂಥದ್ದು, ಬಂಪರಿಗೆ ತಾಗಿತು. ಕಾರು ಓಡಿಸುತ್ತಿದ್ದವನು ನಾನು. ಸವಾರರು ಬಿದ್ದು ಎದ್ದರು, ಪೆಟ್ಟಾಗಿಲ್ಲ ಎಂದರು. ಫೋಟೋ ಲಗತ್ತಿಸಿದ್ದೇನೆ. ಮಾಹಿತಿಗಾಗಿ ತಿಳಿಸುತ್ತಿದ್ದೇನೆ. ಮುಂದೆ ಬೇಕಾದರೆ ಕ್ಲೈಮ್ ಮಾಡುವ ಹಕ್ಕು ಉಳಿಸಿಕೊಂಡಿದ್ದೇನೆ."

ಗಮನಿಸಿ, ಇದರಲ್ಲಿ ಎಲ್ಲೂ ಬೈಗುಳ ಇಲ್ಲ. ಅವನು ಕುಡಿದಿದ್ದ, ಇವನಿಗೆ ಲೈಸೆನ್ಸ್ ಇರಲಿಕ್ಕಿಲ್ಲ ಎಂಬ ಊಹೆಯೂ ಇಲ್ಲ. ಕಂಡದ್ದು ಮಾತ್ರ ಬರೆಯಿರಿ.

ಉಗುರಿನಷ್ಟು ಗೀರು. ಅದಕ್ಕೂ ಪತ್ರ ಬರೀತಾ ಕೂರಬೇಕಾ?

ನಿಮ್ಮದೇ ಗೇಟಿಗೆ ತಾಗಿಸಿಕೊಂಡಿದ್ದರೆ ಬೇಡ. ಆ ಕತೆಯಲ್ಲಿ ಇನ್ನೊಬ್ಬ ಮನುಷ್ಯ, ಇನ್ನೊಂದು ಗಾಡಿ ಇದ್ದರೆ ಬರೆಯಿರಿ. ಗೀರಿನ ಅಳತೆ ಮುಖ್ಯವಲ್ಲ, ಎದುರಿಗೆ ಯಾರಾದರೂ ಇದ್ದಾರಾ ಎನ್ನುವುದು ಮುಖ್ಯ.

## ರಸ್ತೆಯ ಮೇಲೆ ನಿಂತಾಗ

ಗಡಿಬಿಡಿಯಲ್ಲಿ ಎಂತದೂ ತೋಚೋದಿಲ್ಲ. ಜಾಗದಲ್ಲೇ ಏನೇನು ಬರ್ಕೊಳ್ಬೇಕು?

ಮೊದಲು ಜನ, ಆಮೇಲೆ ಗಾಡಿ. ಯಾರಿಗಾದರೂ ಪೆಟ್ಟಾಗಿದ್ದರೆ 108ಕ್ಕೋ 112ಕ್ಕೋ ಫೋನ್ ಮಾಡಿ. ಹೆದ್ದಾರಿ ನಡುವೆ ಗಾಡಿ ಸಿಕ್ಕಿಕೊಂಡಿದ್ದರೆ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033.

ಆಮೇಲೆ ಫೋಟೋ. ನಮ್ಮವರು ತೆಗೆಯುವ ಫೋಟೋದಲ್ಲಿ ನೆಗ್ಗಿದ ಜಾಗ ಮಾತ್ರ ದೊಡ್ಡದಾಗಿ ಇರುತ್ತದೆ. ಅದು ಯಾವಾಗ ಬೇಕಾದರೂ ತೆಗೆಯಬಹುದಾದ ಫೋಟೋ. ಗಾಡಿ ಸರಿಸಿದ ಮೇಲೆ ಸಿಗದೇ ಹೋಗುವುದು ಬೇರೆ: ಎರಡೂ ಗಾಡಿ ನಿಂತ ಭಂಗಿ, ರಸ್ತೆಯ ನಡುಗೆರೆ, ಟಯರ್ ಗುರುತು, ಬಿದ್ದ ಗಾಜು. ಹತ್ತು ಹೆಜ್ಜೆ ಹಿಂದೆ ಹೋಗಿ ಇವೆಲ್ಲ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ತೆಗೆಯಿರಿ. ಎರಡೂ ನಂಬರ್ ಪ್ಲೇಟ್ ಕಾಣಲಿ. ಕಿಲೋಮೀಟರ್ ಕಲ್ಲು, ಅಂಗಡಿ ಬೋರ್ಡು, ಬಸ್‌ಸ್ಟ್ಯಾಂಡ್ ಏನಾದರೂ ಹಿನ್ನೆಲೆಯಲ್ಲಿ ಸಿಕ್ಕರೆ ಒಳ್ಳೆಯದು. ಮಳೆಗಾಲದಲ್ಲಿ ಲೆನ್ಸ್ ಮೇಲೆ ಹನಿ ಕೂತು ಎಲ್ಲ ಮಸುಕಾಗುತ್ತದೆ, ಒರೆಸಿಕೊಂಡು ತೆಗೆಯಿರಿ.

ಎದುರಿನವರ ಹೆಸರು, ಫೋನ್ ನಂಬರ್, ಲೈಸೆನ್ಸ್, ಆರ್‌ಸಿ, ಪಾಲಿಸಿ ಕೇಳಿ. ಕೊಡದಿದ್ದರೆ ಜಗಳ ಬೇಡ. ಗಾಡಿ ನಂಬರ್ ಇದ್ದರೆ ಎಂಪರಿವಾಹನ್ ಆ್ಯಪಿನಲ್ಲಿ ವಿಮೆ ಯಾವ ಕಂಪನಿಯದ್ದು, ಎಂದಿನವರೆಗೆ ಇದೆ ಎಂದು ನೋಡಬಹುದು. ದೇವಿಮನೆ, ಅರಬೈಲ್ ಘಟ್ಟಗಳಲ್ಲಿ ಸಿಗ್ನಲ್ ಸಿಗದ ತಿರುವುಗಳಿವೆ. ಅಲ್ಲಿ ನಂಬರ್ ಬರೆದುಕೊಂಡು ಗಂಟೆ ಗುರುತು ಹಾಕಿಕೊಳ್ಳಿ, ಊರು ಮುಟ್ಟಿದ ಮೇಲೆ ಉಳಿದದ್ದು. ತಿರುವಿನಲ್ಲಿ ಗಾಡಿ ಅಡ್ಡ ನಿಲ್ಲಿಸಿಕೊಂಡು ವಾದ ಮಾಡುವುದು ಇನ್ನೊಂದು ಅಪಘಾತಕ್ಕೆ ದಾರಿ.

"ಎರಡು ಸಾವಿರ ತಗೊಳ್ಳಿ ಅಣ್ಣಾ, ಇಲ್ಲೇ ಮುಗಿಸ್ಬಿಡೋಣ" ಅಂತಾರೆ. ತಗೊಳ್ಳಬಹುದಾ?

ಯಾರಿಗೂ ಪೆಟ್ಟಾಗಿಲ್ಲ, ಹಾನಿ ಕಣ್ಣಿಗೆ ಕಾಣುವಷ್ಟೇ, ಕ್ಲೈಮ್ ಮಾಡುವ ಯೋಚನೆಯೂ ನಿಮಗಿಲ್ಲ ಎಂದಾದರೆ ತಗೊಳ್ಳುವುದರಲ್ಲಿ ತಪ್ಪೇನಿಲ್ಲ. ನಾನಂತೂ ಬೇಡ ಎನ್ನುವುದಿಲ್ಲ. ಆದರೆ ಈಗಿನ ಬಂಪರ್ ಹೊರಗೆ ಗೀರಿನ ಹಾಗೆ ಕಂಡರೂ ಒಳಗೆ ಕ್ಲಿಪ್ಪು, ಬ್ರಾಕೆಟ್, ಸೆನ್ಸರ್ ಮುರಿದಿರುತ್ತವೆ. ಗ್ಯಾರೇಜಿನವರು ಬಿಚ್ಚಿದ ಮೇಲೆ ಎರಡು ಸಾವಿರ ಎಂಟು ಸಾವಿರ ಆಗಬಹುದು.

ತಗೊಳ್ಳುವುದಾದರೆ ಯುಪಿಐಯಲ್ಲಿ ತಗೊಳ್ಳಿ, ಯಾವುದಕ್ಕೆ ಎಂದು ಒಂದು ಮೆಸೇಜ್ ಇರಲಿ. "ಪೂರ್ತಿ ಇತ್ಯರ್ಥ, ಇನ್ನು ಯಾವ ಹಕ್ಕೂ ಇಲ್ಲ" ಎಂದು ಬರೆದುಕೊಟ್ಟರೆ, ಅವರಿಂದ ವಸೂಲಿ ಮಾಡುವ ಕಂಪನಿಯ ಹಕ್ಕನ್ನೂ ನೀವು ಬಿಟ್ಟುಕೊಟ್ಟ ಹಾಗಾಗುತ್ತದೆ. ಮುಂದೆ ಕ್ಲೈಮ್ ಹಾಕಿದರೆ ಅದೇ ತಕರಾರು ಬರುತ್ತದೆ. ಅವರಿಂದ ತಗೊಂಡ ಅದೇ ಹಾನಿಗೆ ಕಂಪನಿಯಿಂದಲೂ ಪೂರ್ತಿ ತೆಗೆದುಕೊಳ್ಳುವುದು ಮೋಸ, ಹೇಳಬೇಕಾಗಿಲ್ಲ.

ಜನ ಸೇರಿ "ದೊಡ್ಡ ಗಾಡಿಯವ್ರೇ ಕೊಡ್ಬೇಕು" ಅಂದ್ರು. ತಪ್ಪಿಲ್ಲದಿದ್ರೂ ಐದು ಸಾವಿರ ಕೊಟ್ಟು ಬಂದೆ. ಈಗ?

ಇದು ಎಲ್ಲ ಊರಲ್ಲೂ ಇರುವ ನ್ಯಾಯ. ಬೈಕಿನ ಎದುರು ಕಾರು ತಪ್ಪಿತಸ್ಥ, ಕಾರಿನ ಎದುರು ಲಾರಿ. ಸಂಜೆ ಹೊತ್ತು ಹೆಂಡತಿ ಮಕ್ಕಳು ಕಾರಲ್ಲಿದ್ದಾಗ ಇಪ್ಪತ್ತು ಜನ ಸುತ್ತ ನಿಂತರೆ ಯಾರಾದರೂ ಕೊಟ್ಟುಬಿಡುತ್ತಾರೆ.

ಕಷ್ಟ ಇರುವುದು ಪಾಲಿಸಿಯ ಎರಡನೇ ಷರತ್ತಿನಲ್ಲಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ನೀವು ತಪ್ಪು ಒಪ್ಪಿಕೊಳ್ಳಬಾರದು, ಹಣ ಕೊಡಬಾರದು, ಕೊಡುತ್ತೇನೆ ಎಂದು ಮಾತೂ ಕೊಡಬಾರದು. ಕೊಟ್ಟ ಹಣ ಕಂಪನಿಯಿಂದ ವಾಪಸ್ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನೀವು ಕೊಟ್ಟಿರಿ ಎನ್ನುವುದನ್ನೇ ತಪ್ಪು ಒಪ್ಪಿಕೊಂಡದ್ದಕ್ಕೆ ಸಾಕ್ಷಿಯಾಗಿ ಎದುರಿನವರು ತೋರಿಸಬಹುದು.

ಈಗ ಮಾಡಬಹುದಾದದ್ದು: ಯಾವ ಸಂದರ್ಭದಲ್ಲಿ, ಯಾರು ಯಾರು ಇದ್ದರು, ಯಾಕೆ ಕೊಟ್ಟಿರಿ ಎಂದು ಇದ್ದದ್ದು ಇದ್ದ ಹಾಗೆ ಕಂಪನಿಗೆ ಬರೆಯುವುದು. ತಪ್ಪು ಒಪ್ಪಿ ಕೊಟ್ಟದ್ದಲ್ಲ, ಗಲಾಟೆ ತಪ್ಪಿಸಲು ಕೊಟ್ಟದ್ದು ಎಂಬ ಮಾತು ಅದರಲ್ಲಿ ಇರಲಿ. ಮುಂದೆ ಯಾವತ್ತಾದರೂ ಹೀಗಾದರೆ ಹೇಳಲು ಒಂದು ಒಳ್ಳೆ ಮಾತಿದೆ: "ಇನ್ಶೂರೆನ್ಸ್ ಇದೆ, ಅವರು ನೋಡ್ತಾರೆ, ಬನ್ನಿ ಸ್ಟೇಷನ್ನಿಗೆ ಹೋಗಿ ಬರೆಸೋಣ." ಸ್ಟೇಷನ್ ಹೆಸರು ಕೇಳಿದರೆ ಅರ್ಧ ಜನ ಕರಗುತ್ತಾರೆ.

ಪೊಲೀಸ್ ಕಂಪ್ಲೇಂಟ್ ಬೇಕೇ ಬೇಕಾ?

ಬರೀ ಬಂಪರ್, ಬಾಗಿಲು ನೆಗ್ಗಿದ್ದರೆ ಸಾಮಾನ್ಯವಾಗಿ ಕಂಪನಿಗಳು ಎಫ್‌ಐಆರ್ ಕೇಳುವುದಿಲ್ಲ. ಯಾರಿಗಾದರೂ ಪೆಟ್ಟಾಗಿದ್ದರೆ ಬೇರೆ ಮಾತು. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಚಾಲಕ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಬೇಕು, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ವಿಮಾ ಕಂಪನಿಗೆ ಲಿಖಿತವಾಗಿ ವಿವರ ಕೊಡಬೇಕು. ತಪ್ಪು ಯಾರದ್ದು ಎಂದು ಆ ಕಲಮು ಕೇಳುವುದಿಲ್ಲ. ಎದುರಿನವರು ಬೆದರಿಸಿದರೆ, ಓಡಿಹೋದರೆ, ಕುಡಿದಿದ್ದರೆ, ಆಗಲೂ ಸ್ಟೇಷನ್ನಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡಿರಿ.

## ದುಡ್ಡಿನ ಲೆಕ್ಕ

ತಪ್ಪು ಅವನದ್ದೇ ಅಂತ ಅವನೇ ಒಪ್ಪಿದಾನೆ. ಆದ್ರೂ ನನ್ನ ಎನ್‌ಸಿಬಿ ಯಾಕೆ ಹೋಗಬೇಕು? ಇದ್ಯಾವ ನ್ಯಾಯ?

ನ್ಯಾಯ ಅಲ್ಲ, ನಿಯಮ. ಎನ್‌ಸಿಬಿ ಅಂದರೆ ತಪ್ಪು ಮಾಡದೇ ಇದ್ದದ್ದಕ್ಕೆ ಬಹುಮಾನ ಎಂದು ಬಹಳ ಜನ ತಿಳಿದಿದ್ದಾರೆ. ಅದು ಕ್ಲೈಮ್ ಮಾಡದೇ ಇದ್ದದ್ದಕ್ಕೆ ಸಿಗುವ ರಿಯಾಯಿತಿ. ಯಾರ ತಪ್ಪು ಎಂಬ ಕಾಲಮ್ಮೇ ಅದರಲ್ಲಿ ಇಲ್ಲ. ಒಂದು ವರ್ಷ ಕ್ಲೈಮ್ ಇಲ್ಲದಿದ್ದರೆ 20 ಶೇಕಡ, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಂದು ಕ್ಲೈಮ್ ತೆಗೆದುಕೊಂಡರೆ ಮುಂದಿನ ರಿನ್ಯೂವಲ್‌ಗೆ ಸೊನ್ನೆ. ಎನ್‌ಸಿಬಿ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಇದ್ದವರು ಅದರ ಷರತ್ತಿನ ಮಟ್ಟಿಗೆ ಬಚಾವ್.

ಸಮಾಧಾನಕ್ಕೆ ಎರಡು ಮಾತು. ಈ ರಿಯಾಯಿತಿ ನಿಮ್ಮ ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂ ಮೇಲೆ ಮಾತ್ರ, ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗೆ ಆಗುವ ಹಾನಿಗಾಗಿ ಕಟ್ಟುವ ಪ್ರೀಮಿಯಂ ಮೇಲಲ್ಲ. ಹಾಗೆಯೇ ಎದುರಿನವರು ನಿಮ್ಮ ಮೇಲೆ ಥರ್ಡ್ ಪಾರ್ಟಿ ಕ್ಲೈಮ್ ಹಾಕಿದರೂ ನಿಮ್ಮ ಎನ್‌ಸಿಬಿಗೆ ಅದು ತಾಗುವುದಿಲ್ಲ.

ಹಂಗಾದ್ರೆ ಕ್ಲೈಮ್ ಮಾಡೋದಾ, ಕೈಯಿಂದ ಹಾಕೋದಾ?

ಲೆಕ್ಕ ಹಾಕಿ ನೋಡೋಣ. ರಿಯಾಯಿತಿ ಕಳೆಯುವ ಮೊದಲು ನಿಮ್ಮ ಕಾರಿನ ಹಾನಿ ಭಾಗದ ಪ್ರೀಮಿಯಂ 8,000 ರೂಪಾಯಿ, ಎನ್‌ಸಿಬಿ 50 ಎಂದು ಇಟ್ಟುಕೊಳ್ಳಿ. ಈಗ ಕಟ್ಟುವುದು 4,000. ಕ್ಲೈಮ್ ಮಾಡಿದರೆ ಮುಂದಿನ ಸಲ 8,000, ಆಮೇಲೆ 6,400, ಆಮೇಲೆ 6,000, 5,200, 4,400. ಮತ್ತೆ 50ಕ್ಕೆ ಬರುವ ಹೊತ್ತಿಗೆ ಒಟ್ಟು 10,000 ರೂಪಾಯಿ ಜಾಸ್ತಿ ಕಟ್ಟಿರುತ್ತೀರಿ. ಜಿಎಸ್‌ಟಿ ಬೇರೆ. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜವಾಗಿ ಇದಕ್ಕಿಂತ ಸ್ವಲ್ಪ ಕಡಿಮೆ ಆದೀತು.

ಈಗ ಕಂಪನಿಯಿಂದ ಬರುವುದೆಷ್ಟು? ಹಿಂದಿನ ಬಂಪರ್ 5,000, ಪೇಂಟಿಂಗ್ 3,000, ಕೂಲಿ 1,000, ಒಟ್ಟು 9,000 ಬಿಲ್ ಆಯಿತು ಎನ್ನೋಣ. ಬಂಪರ್ ಪ್ಲಾಸ್ಟಿಕ್, ಅದಕ್ಕೆ ಅರ್ಧ ಸವಕಳಿ, ಅಂದರೆ ಬಳಸಿ ಸವೆದದ್ದು ಎಂದು ಕಳೆಯುವ ಹಣ, ಉಳಿದ 2,500 ಬಂತು. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, 2,625 ಬಂತು. ಕೂಲಿ ಪೂರ್ತಿ. ಒಟ್ಟು 6,125. ಅದರಲ್ಲಿ ಪ್ರತಿ ಕ್ಲೈಮಿಗೂ ನೀವೇ ಹೊರಬೇಕಾದ ಕಡ್ಡಾಯ ಕಡಿತ, 1,500 ಸಿಸಿವರೆಗಿನ ಕಾರಿಗೆ 1,000, ದೊಡ್ಡದಕ್ಕೆ 2,000. ಸಣ್ಣ ಕಾರಾದರೆ ಕೈಗೆ ಬರುವುದು 5,125.

ಐದು ಸಾವಿರಕ್ಕಾಗಿ ಹತ್ತು ಸಾವಿರ ಕಳೆದುಕೊಳ್ಳುವ ವ್ಯಾಪಾರ ಇದು. ಬಾಯಲ್ಲೇ ಹಾಕಬಹುದಾದ ಲೆಕ್ಕ ಬೇಕಾದರೆ: 50 ಶೇಕಡ ಎನ್‌ಸಿಬಿ ಇದ್ದವರಿಗೆ, ರಿಯಾಯಿತಿ ಇಲ್ಲದ ಪ್ರೀಮಿಯಂನ ಒಂದೂಕಾಲು ಪಟ್ಟಿಗಿಂತ ಕಡಿಮೆ ಹಣ ಬರುವುದಾದರೆ ಕೈಯಿಂದ ಹಾಕುವುದೇ ಲೇಸು. ಎನ್‌ಸಿಬಿ ಸೊನ್ನೆಯೇ ಇದ್ದವರು, ಈ ವರ್ಷ ಆಗಲೇ ಒಂದು ಕ್ಲೈಮ್ ಮಾಡಿದವರು ಬೇರೆ ರೀತಿ ಯೋಚಿಸಬೇಕು, ಅವರಿಗೆ ಕಳೆದುಕೊಳ್ಳಲು ಅಷ್ಟಿಲ್ಲ.

ಜೀರೋ ಡೆಪ್ ಇದೆ ನಮ್ಮದು.

ಹಾಗಾದರೆ ಸವಕಳಿ ಕಳೆಯುವುದಿಲ್ಲ, ಮೇಲಿನ ಲೆಕ್ಕದಲ್ಲಿ 8,000 ಬರುತ್ತದೆ. ಎನ್‌ಸಿಬಿ ಮಾತ್ರ ಹಾಗೇ ಹೋಗುತ್ತದೆ. ವರ್ಷಕ್ಕೆ ಎಷ್ಟು ಜೀರೋ ಡೆಪ್ ಕ್ಲೈಮ್ ಎಂಬ ಮಿತಿ ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ಅದನ್ನು ಸಣ್ಣ ಗೀರಿಗೆ ಖರ್ಚು ಮಾಡಿಬಿಡಬೇಡಿ.

ನಂದು ಬರೀ ಥರ್ಡ್ ಪಾರ್ಟಿ. ಅವನ ಕಂಪನಿಯಿಂದ ನನ್ನ ಕಾರಿಗೆ ದುಡ್ಡು ಬರ್ತದಾ?

ನಿಮ್ಮ ಕಂಪನಿಯಿಂದ ನಿಮ್ಮ ಕಾರಿಗೆ ಏನೂ ಬರುವುದಿಲ್ಲ. ಅವನ ಪಾಲಿಸಿಯಲ್ಲಿ ಬೇರೆಯವರ ಆಸ್ತಿಗೆ ಆದ ಹಾನಿಗೆ ಕವರ್ ಇದೆ. ಖಾಸಗಿ ಕಾರಿಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ. ಪ್ರೀಮಿಯಂ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡವರೂ ಇದ್ದಾರೆ. ಆದರೆ ಅವನ ಕಂಪನಿ ಕೌಂಟರಿನಲ್ಲಿ ಬಿಲ್ ಕೊಟ್ಟರೆ ಚೆಕ್ ಬರೆಯುವುದಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು, ಅವನ ತಪ್ಪು ಎಂದು ತೋರಿಸಬೇಕು. ಅರ್ಜಿಗೆ ಕಾಯ್ದೆಯಲ್ಲಿರುವ ಗಡುವು ಅಪಘಾತವಾದ ದಿನದಿಂದ 6 ತಿಂಗಳು. ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು.

ಎಂಟು ಹತ್ತು ಸಾವಿರಕ್ಕೆ ಇದು ಹೆಣಗಾಟವೇ. ವಕೀಲರ ಫೀಸು, ಕೋರ್ಟಿಗೆ ಓಡಾಟ ಎಲ್ಲ ಸೇರಿಸಿ ನೋಡಿ. ಇಂಥ ಕಡೆ ಎದುರಿನವರಿಂದ ನೇರವಾಗಿ ರಿಪೇರಿ ಮಾಡಿಸಿಕೊಳ್ಳುವುದೇ ಹೆಚ್ಚು ಪ್ರಾಯೋಗಿಕ.

## ಸಿಕ್ಕು ಸಿಕ್ಕಾದ ಪ್ರಶ್ನೆಗಳು

ಶಿರಸಿ ಜಾತ್ರೆಗೆ ಹೋಗಿದ್ವಿ. ವಾಪಸ್ ಬಂದು ನೋಡಿದ್ರೆ ಬಾಗಿಲು ನೆಗ್ಗಿತ್ತು, ಯಾರೂ ಇಲ್ಲ. ಯಾರ ಮೇಲೆ ಹೇಳೋದು?

ಯಾರ ಮೇಲೂ ಹೇಳಬೇಕಾಗಿಲ್ಲ. ನಿಲ್ಲಿಸಿದ ಕಾರಿಗೆ ಗೊತ್ತಿಲ್ಲದ ಗಾಡಿ ತಾಗಿದೆ ಎಂದೇ ಬರೆಯಿರಿ. ಕ್ಲೈಮ್ ಫಾರ್ಮಿನಲ್ಲಿ ಚಾಲಕನ ಹೆಸರಿನ ಎದುರು "ಗಾಡಿ ನಿಲ್ಲಿಸಿತ್ತು" ಎಂದು ಹಾಕಿ. ಖಾಲಿ ಬಿಡಬಾರದು ಎಂದು ಮನೆಯವರ ಹೆಸರು ತುಂಬಿಸುವವರಿದ್ದಾರೆ. ಹಾನಿ ನೋಡಲು ಕಂಪನಿ ಕಳಿಸುವ ಸರ್ವೇಯರ್ ಕೇಳಿದಾಗ ಕತೆ ತಾಳೆಯಾಗದೆ ಒದ್ದಾಡುತ್ತಾರೆ.

ಮಾರಿಕಾಂಬಾ ಜಾತ್ರೆಯ ಜನಜಂಗುಳಿಯಲ್ಲಿ ಸಾಕ್ಷಿ ಹುಡುಕುವುದು ಕಷ್ಟ ನಿಜ. ಆದರೂ ಎದುರಿನ ಅಂಗಡಿಯಲ್ಲಿ ಸಿಸಿಟಿವಿ ಇದೆಯಾ ಎಂದು ಅವತ್ತೇ ಕೇಳಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂತುಬಿಡುತ್ತದೆ, ವಾರ ಬಿಟ್ಟು ಹೋದರೆ ಸಿಗದೇ ಹೋಗಬಹುದು.

ಅಂಗಳದಲ್ಲಿ ನಿಲ್ಲಿಸಿದ ಕಾರಿನ ಮೇಲೆ ಪಕ್ಕದ ಮನೆ ತೆಂಗಿನಕಾಯಿ ಬಿತ್ತು. ಬಾನೆಟ್ ಹೋಯ್ತು. ಇದೂ ಅಪಘಾತವಾ?

ಹೌದು. ಹೊರಗಿನಿಂದ ಬಂದ ಪೆಟ್ಟು, ನಿಮ್ಮ ಕಾರಿನ ಹಾನಿ ಭಾಗದಲ್ಲಿ ಬರುತ್ತದೆ. ಕಾಯಿ ಬಿದ್ದಲ್ಲೇ ಇಟ್ಟು ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಚಟ್ನಿಗೆ ಆಮೇಲೆ ಒಡೆದರಾಯಿತು. ಪಕ್ಕದ ಮನೆಯವರ ಮೇಲೆ ಹೋಗುವುದಾ ಬಿಡುವುದಾ ಎನ್ನುವುದು ವಿಮೆಯ ಪ್ರಶ್ನೆ ಅಲ್ಲ.

ಗುದ್ದಿದ್ದು ಗೋವಾ ಗಾಡಿ. ಮಾಜಾಳಿ ದಾಟಿ ಹೋಯ್ತು. ಇನ್ನೆಂತ ಮಾಡೋದು?

ಕಾರವಾರದವರ ಮಾಮೂಲಿ ಪ್ರಶ್ನೆ. ಪಾಲಿಸಿ ದೇಶಕ್ಕೆಲ್ಲ ಒಂದೇ, ಗಡಿ ದಾಟಿದರೆ ಬದಲಾಗುವುದಿಲ್ಲ. ನಿಮ್ಮ ಕ್ಲೈಮ್ ನಿಮ್ಮ ಕಂಪನಿಯಲ್ಲಿ, ಅದಕ್ಕೆ ಆ ಗಾಡಿ ಎಲ್ಲಿದೆ ಎಂಬುದು ಬೇಕಾಗಿಲ್ಲ. ನಂಬರ್ ಸಿಕ್ಕಿದ್ದರೆ ಕಂಪನಿಗೂ ಪೊಲೀಸರಿಗೂ ಕೊಡಿ.

ಸರ್ಕಾರಿ ಬಸ್ಸು ಕನ್ನಡಿ ಕಿತ್ಕೊಂಡು ಹೋಯ್ತು. ಅದಕ್ಕೆ ಇನ್ಶೂರೆನ್ಸೇ ಇಲ್ಲ ಅಂತಾರೆ, ಹೌದಾ?

ರಾಜ್ಯ ಸಾರಿಗೆ ನಿಗಮಗಳು ತಮ್ಮದೇ ನಿಧಿ ಇಟ್ಟುಕೊಂಡು ವಿಮೆಯಿಂದ ವಿನಾಯಿತಿ ಪಡೆಯಲು ಕಾಯ್ದೆಯಲ್ಲಿ ಅವಕಾಶ ಇದೆ. ಅಂದರೆ ಬಸ್ಸಿನ ಹೊಣೆ ಇಲ್ಲ ಎಂದಲ್ಲ, ಕೊಡುವುದು ನಿಗಮ ಎಂದರ್ಥ. ಬಸ್ ನಂಬರ್, ಮಾರ್ಗ, ಗಂಟೆ ಬರೆದುಕೊಂಡು ಡಿಪೋಗೆ ಒಂದು ಅರ್ಜಿ ಕೊಡಿ, ನಿಮ್ಮ ಕಂಪನಿಗೂ ತಿಳಿಸಿ. ಬರೀ ಕನ್ನಡಿಗೆ ಇಷ್ಟೆಲ್ಲ ಬೇಕಾ ಅನ್ನಿಸಿದರೆ, ನನಗೂ ಹಾಗೇ ಅನ್ನಿಸುತ್ತದೆ. ಬಸ್ಸಿನಲ್ಲಿದ್ದ ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ತಪ್ಪದೆ ಬರೆಯಿರಿ.

ಗುದ್ದಿದವನ ಹತ್ರ ಇನ್ಶೂರೆನ್ಸೂ ಇಲ್ಲ, ದುಡ್ಡೂ ಇಲ್ಲ.

ವಿಮೆ ಇಲ್ಲದೆ ಓಡಿಸಿದ್ದಕ್ಕೆ ಅವನಿಗೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅದರಿಂದ ನಿಮ್ಮ ಬಂಪರ್ ಸರಿಯಾಗುವುದಿಲ್ಲ. ಅವನ ಮೇಲೆ ವೈಯಕ್ತಿಕವಾಗಿ ದಾವೆ ಹಾಕಬಹುದು, ಗೆದ್ದರೂ ವಸೂಲಿ ಆಗಬೇಕಲ್ಲ. ನಿಮ್ಮ ಪಾಲಿಸಿಯಲ್ಲೇ ಕ್ಲೈಮ್ ಮಾಡುವುದು, ಇಲ್ಲ ಕೈಯಿಂದ ಹಾಕುವುದು, ಎರಡೇ ದಾರಿ. ಇಂಥವನೇ ನಾಳೆ ನಿಮ್ಮ ಮೇಲೆ ದೂರು ಕೊಡುವುದೂ ಉಂಟು. ಆದ್ದರಿಂದ ಕಂಪನಿಗೆ ತಿಳಿಸುವುದನ್ನು ಮಾತ್ರ ಬಿಡಬೇಡಿ.

ಮಳೆಗಾಲದಲ್ಲಿ ತಾಗಿಸಿಕೊಂಡ ಡೆಂಟ್. ಈಗ ದೀಪಾವಳಿ ಮೇಲೆ ಕ್ಲೈಮ್ ಮಾಡ್ಬೋದಾ?

ಕರಾವಳಿಯಲ್ಲಿ ಇದು ಕಷ್ಟ, ಕಾರಣ ಉಪ್ಪುಗಾಳಿ. ಬಣ್ಣ ಸೀಳಿ ತಗಡು ಕಂಡರೆ ಸಾಕು, ಸಮುದ್ರದ ಬದಿಯ ಊರುಗಳಲ್ಲಿ ಬೇಗನೆ ಕಂದು ಬಣ್ಣದ ಗೆರೆ ಏಳುತ್ತದೆ. ಒಂದು ಮಳೆಗಾಲ ದಾಟಿದರೆ ಸುತ್ತಲಿನ ಬಣ್ಣ ಗುಳ್ಳೆ ಎದ್ದು ಉಗುರಿಗೆ ಸಿಪ್ಪೆ ಸಿಪ್ಪೆಯಾಗಿ ಬರುತ್ತದೆ. ಸರ್ವೇಯರ್ ಮೊದಲು ನೋಡುವುದೇ ಅದನ್ನು. ಬೆರಳಲ್ಲಿ ಸವರುತ್ತಾರೆ, ಸಂದಿಯಲ್ಲಿ ಕೂತ ಕೆಂಪು ಧೂಳು ನೋಡುತ್ತಾರೆ, "ಹಳೆಯ ಹಾನಿ" ಎಂದು ಬರೆಯುತ್ತಾರೆ. ತುಕ್ಕು, ಸವೆತಕ್ಕೆ ಪಾಲಿಸಿಯಲ್ಲಿ ಕವರ್ ಇಲ್ಲ. ಹಾಗಾಗಿ ಎಷ್ಟು ಪೆಟ್ಟು, ಎಷ್ಟು ತುಕ್ಕು ಎಂಬ ಚೌಕಾಸಿ ಶುರುವಾಗುತ್ತದೆ.

ಅವತ್ತೇ ಮೇಲ್ ಹಾಕಿ ಫೋಟೋ ಕಳಿಸಿದ್ದರೆ ನಿಮ್ಮ ಹತ್ತಿರ ಉತ್ತರ ಇರುತ್ತಿತ್ತು. ಕಳಿಸಿಲ್ಲವಾದರೆ ಅಪಘಾತದ ನಿಜವಾದ ದಿನಾಂಕವನ್ನೇ ಬರೆದು, ತಡ ಯಾಕಾಯಿತು ಎಂದು ಹೇಳಿ ಪ್ರಯತ್ನಿಸಿ. ನಿನ್ನೆ ಆಯಿತು ಎಂದು ಬರೆಯಬೇಡಿ. ಎರಡು ಬೇರೆ ಬೇರೆ ಸಲ ಆದ ಡೆಂಟ್‌ಗಳನ್ನು ಒಂದೇ ಫಾರ್ಮಿನಲ್ಲಿ ತುರುಕುವುದೂ ಬೇಡ. ಒಂದು ಘಟನೆಗೆ ಒಂದು ಕ್ಲೈಮ್, ಒಂದೊಂದಕ್ಕೂ ಪ್ರತ್ಯೇಕ ಕಡಿತ.

ಓಡಿಸ್ತಾ ಇದ್ದದ್ದು ತಮ್ಮ. ಅವನ ಲೈಸೆನ್ಸ್ ಅವಧಿ ಮುಗಿದು ಎರಡು ತಿಂಗಳಾಗಿತ್ತು. ನನ್ನ ಹೆಸರು ಹಾಕ್ಲಾ?

ಹಾಕಬೇಡಿ. ಲೈಸೆನ್ಸ್ ಇಲ್ಲದ ಕಾರಣಕ್ಕೆ ನಿಮ್ಮ ಕಾರಿನ ಕ್ಲೈಮ್ ಹೋದರೆ ಹೋಗುವುದು ಕೆಲವು ಸಾವಿರ. ಸುಳ್ಳು ಹೆಸರು ಸಿಕ್ಕಿಬಿದ್ದರೆ ಅದು ವಂಚನೆ. ಎದುರಿನವರ ಫೋಟೋದಲ್ಲಿ ಸ್ಟೇರಿಂಗ್ ಹಿಂದೆ ಯಾರಿದ್ದರು ಎನ್ನುವುದು ಇರಬಹುದು, ಮರೆಯಬೇಡಿ. ಇದ್ದದ್ದನ್ನೇ ತಿಳಿಸಿ, ಸಣ್ಣ ರಿಪೇರಿ ಕೈಯಿಂದ ಮಾಡಿಸಿ.

ಏನೂ ಆಗಿಲ್ಲ ಅಂದಿದ್ದ ಬೈಕಿನವರಿಂದ ನಾಲ್ಕು ತಿಂಗಳಾದ ಮೇಲೆ ಕೋರ್ಟ್ ನೋಟೀಸ್ ಬಂದಿದೆ. ತಲೆ ಬಿಸಿ ಆಗಿದೆ.

ನೋಟೀಸನ್ನು ಮೇಜಿನ ಮೇಲೆ ಇಟ್ಟು ಯೋಚಿಸುತ್ತಾ ಕೂರಬೇಡಿ. ಬಂದ ಪ್ರತಿಯೊಂದು ಪತ್ರ, ಸಮನ್ಸ್ ತಕ್ಷಣ ಕಂಪನಿಗೆ ಕಳಿಸಬೇಕು ಎನ್ನುವುದೂ ಷರತ್ತೇ. ಸ್ಕ್ಯಾನ್ ಮಾಡಿ ಮೇಲ್ ಮಾಡಿ, ಜೊತೆಗೆ ನಕಲನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಿ.

ನ್ಯಾಯಮಂಡಳಿಯಲ್ಲಿ ವಾದ ಮಾಡುವ ವಕೀಲರನ್ನು ಕಂಪನಿ ನೇಮಿಸುತ್ತದೆ. ಅವರಿಗೆ ಬೇಕಾದದ್ದು ನಿಮ್ಮ ಲೈಸೆನ್ಸ್, ಆರ್‌ಸಿ, ಪಾಲಿಸಿ, ಅವತ್ತಿನ ಫೋಟೋ, ಅವತ್ತಿನ ಮೇಲ್. ಅವತ್ತು ತಿಳಿಸಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಗಾಯಾಳುವಿಗೆ ಪರಿಹಾರ ಕೊಡುವುದಿಲ್ಲ ಎಂದು ಕಂಪನಿ ನುಣುಚಿಕೊಳ್ಳಲು ಆಗುವುದಿಲ್ಲ. ಕಂಪನಿ ಯಾವ ಕಾರಣಗಳನ್ನು ಹೇಳಬಹುದು ಎಂದು ಕಾಯ್ದೆಯೇ ಪಟ್ಟಿ ಮಾಡಿದೆ, ಅದರಲ್ಲಿ ತಡ ಇಲ್ಲ. ಆದರೆ ನಿಮ್ಮ ಕಡೆಯ ಕತೆ ನಾಲ್ಕು ತಿಂಗಳ ನಂತರ ಮೊದಲ ಸಲ ಹೊರಬಂದರೆ ನ್ಯಾಯಾಧೀಶರೂ ಯಾಕೆ ಎಂದು ಕೇಳುತ್ತಾರೆ. ಆ ನಡುವೆ ಬೈಕಿನವರ ಮನೆಗೆ ಹೋಗಿ ರಾಜಿ ಮಾತಾಡುವುದು, ವಾಟ್ಸಾಪಿನಲ್ಲಿ "ಸಾರಿ" ಕಳಿಸುವುದು ಬೇಡ. ರಾಜಿಗೆ ಲೋಕ ಅದಾಲತ್ ಇದೆ, ಅಲ್ಲಿ ಕಂಪನಿಯ ಮೂಲಕವೇ ಆಗಲಿ.

ಈ ಸಲ ಬೇರೆ ಕಂಪನಿಗೆ ಹೋಗ್ತಾ ಇದೇನೆ. ಕ್ಲೈಮ್ ಮಾಡದ ಹಳೇ ಘಟನೆ ಹೇಳಬೇಕಾ?

ಪ್ರಸ್ತಾವದ ಫಾರ್ಮಿನಲ್ಲಿ ಪ್ರಶ್ನೆ ಹೇಗಿದೆ ನೋಡಿ. ಹೆಚ್ಚಾಗಿ ಕೇಳುವುದು ಹಿಂದಿನ ಪಾಲಿಸಿಯಲ್ಲಿ ಕ್ಲೈಮ್ ತೆಗೆದುಕೊಂಡಿದ್ದೀರಾ, ಎನ್‌ಸಿಬಿ ಎಷ್ಟು ಎಂದು. ಕ್ಲೈಮ್ ಇಲ್ಲದಿದ್ದರೆ ಇಲ್ಲ ಎನ್ನುವುದು ನಿಜವಾದ ಉತ್ತರವೇ. ಅಪಘಾತ ಆಗಿತ್ತಾ ಎಂದೇ ಕೇಳಿದ್ದರೆ ಹೌದು ಎನ್ನಿ. ಕ್ಲೈಮ್ ತೆಗೆದುಕೊಂಡು ಎನ್‌ಸಿಬಿ ಇದೆ ಎಂದು ಬರೆದವರನ್ನು ಹೊಸ ಕಂಪನಿ ಹಳೆಯ ಕಂಪನಿಯಲ್ಲಿ ವಿಚಾರಿಸಿ ಹಿಡಿಯುತ್ತದೆ. ಆಗ ನಿಮ್ಮ ಕಾರಿನ ಹಾನಿ ಭಾಗದ ಕವರ್‌ಗೇ ಸಂಚಕಾರ. ಹಳೆ ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೂ ಕೂಡಿಟ್ಟ ಎನ್‌ಸಿಬಿ ಹೋಗುತ್ತದೆ.

ತಡವಾಗಿ ತಿಳಿಸಿದ್ರಿ ಅಂತ ಕ್ಲೈಮ್ ತಿರಸ್ಕರಿಸಿದಾರೆ. ಇಲ್ಲಿಗೇ ಮುಗೀತಾ?

ಮುಗಿದಿಲ್ಲ. ನಿಜವಾದ ಕ್ಲೈಮನ್ನು ಬರೀ ತಡದ ಕಾರಣಕ್ಕೆ ಯಾಂತ್ರಿಕವಾಗಿ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರಂದೇ ಸುತ್ತೋಲೆ ಹೊರಡಿಸಿದೆ. ಆ ತಾರೀಖನ್ನು ಉಲ್ಲೇಖಿಸಿ, ತಡಕ್ಕೆ ನಿಮ್ಮ ಕಾರಣ ಹೇಳಿ, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಆಸ್ಪತ್ರೆಯಲ್ಲಿದ್ದಿರಿ, ಗುಡ್ಡ ಕುಸಿದು ರಸ್ತೆ ಬಂದಾಗಿತ್ತು, ಮಳೆಗೆ ನಾಲ್ಕು ದಿನ ಕರೆಂಟು ನೆಟ್‌ವರ್ಕ್ ಇರಲಿಲ್ಲ, ಇವೆಲ್ಲ ನಮ್ಮ ಜಿಲ್ಲೆಯಲ್ಲಿ ನಿಜವಾದ ಕಾರಣಗಳೇ. ಪತ್ರಿಕೆಯ ತುಣುಕು ಸಿಕ್ಕರೆ ಲಗತ್ತಿಸಿ. ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ, 155255 ನಂಬರಿನಲ್ಲೂ ದೂರು ದಾಖಲಿಸಬಹುದು.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಹೋಗಿ. ಫೀಸಿಲ್ಲ, ವಕೀಲರು ಬೇಡ, ವಿಚಾರಣೆ ವಿಡಿಯೋದಲ್ಲೂ ಆಗುತ್ತದೆ. ಅದು ಬೇಡ ಎಂದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ, ಅಲ್ಲಿ ಎರಡು ವರ್ಷದ ಗಡುವು. ಒಂದೇ ವಿಷಯವನ್ನು ಎರಡೂ ಕಡೆ ಒಟ್ಟಿಗೆ ಹಾಕಬೇಡಿ. ಗ್ರಾಹಕ ಆಯೋಗದಲ್ಲಿ ಪ್ರಕರಣ ಇದ್ದರೆ ಒಂಬುಡ್ಸ್‌ಮನ್ ಅದನ್ನು ಮುಟ್ಟುವುದಿಲ್ಲ. ಸಣ್ಣ ಮೊತ್ತದ ವಿಷಯವಾದರೆ ಮೊದಲು ಒಂಬುಡ್ಸ್‌ಮನ್ ಕಡೆ ಹೋಗುವುದು ಒಳ್ಳೆಯದು ಎಂದು ನನ್ನ ಅನಿಸಿಕೆ. ತಿರಸ್ಕಾರದ ಪತ್ರ, ಪಾಲಿಸಿ ನಕಲು, ಗ್ಯಾರೇಜಿನ ಎಸ್ಟಿಮೇಟು, ನೀವು ಕಳಿಸಿದ ಮೇಲ್‌ಗಳು, ಇವಿಷ್ಟನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ಕಳಿಸಿ.